ಕಿವಿಗೆ ಎಷ್ಟು ಬೇಕು?

ಈ ಹೊತ್ತು ನಾನು ಮಾತನಾಡಹೊರಟಿರುವುದು ಅಂಗೈಯಗಲದ ಒಂದು ಪೆಟ್ಟಿಗೆಯ ವಿಚಾರ. ಅದರ ಹೆಸರು ಹೆಡ್‌ಫೋನ್ ಆಂಪ್ಲಿಫೈಯರ್. ಕಂಪ್ಯೂಟರಿನಿಂದ ಬರುವ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಹಿಗ್ಗಿಸಿ, ಕಿವಿಗೆ ತೊಟ್ಟುಕೊಳ್ಳುವ ಹೆಡ್‌ಫೋನಿಗೆ ಊಡುವುದು ಅದರ ಕೆಲಸ. ಸಾಹಿತ್ಯಾಸಕ್ತರ ಮುಂದೆ ಇಂಥ ಯಂತ್ರದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಕಡಿಮೆ ಬೆಲೆಯ ಒಂದು ಪೆಟ್ಟಿಗೆಯನ್ನು ಆರಿಸಲು ಹೊರಟ ನಾನು, ಕೇಳುವುದೆಂದರೇನು, ಕೇಳಿದೆನೆಂದು ತಿಳಿಯುವುದೆಂದರೇನು ಎಂಬ ಪ್ರಶ್ನೆಯ ಮುಂದೆ ಬಂದು ನಿಂತೆ. ಆದ್ದರಿಂದ ಈ ಧೈರ್ಯ.

ಬಸವನಗುಡಿಯ ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಮನೆಗೂ ಮನೆಗೂ ನಡುವೆ ಒಂದು ತೆಂಗಿನ ಮರವಾದರೂ ಇರುತ್ತಿತ್ತು. ಆ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವೆದ್ದಿದೆ. ನನಗೂ ನೆರೆಯವರಿಗೂ ನಡುವೆ ಇರುವುದು ಆರು ಅಂಗುಲದ ಗೋಡೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಒಂದು ಭೂಪಾಳವನ್ನು ಕೇಳಬೇಕೆಂದರೆ ಹೆಡ್‌ಫೋನ್ ಹೊರತು ಬೇರೆ ದಾರಿಯಿಲ್ಲ. ಪರದೇಶದಲ್ಲಿರುವ ಮಗ ಕಳೆದ ಬಾರಿ ಬಂದಾಗ ಒಳ್ಳೆಯದೊಂದನ್ನು ತಂದುಕೊಟ್ಟಿದ್ದ. ಕೇಳುವ ಸಾಮಗ್ರಿಗೂ ಕೊರತೆಯಿರಲಿಲ್ಲ. ಮೂರು ಡಬ್ಬಗಳ ತುಂಬ ಹಳೆಯ ಕ್ಯಾಸೆಟ್‌ಗಳಿದ್ದವು. ಅವುಗಳಲ್ಲಿನ ಧ್ವನಿಯನ್ನು ಒಂದು ಅಂಗಡಿಯಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ.

ಆ ಕ್ಯಾಸೆಟ್‌ಗಳಲ್ಲಿ ಒಂದು ನಮ್ಮ ಅಮ್ಮ ಹಾಡಿದ್ದು. 1978ರಲ್ಲಿ ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ, ಸಾಯಂಕಾಲದ ಹೊತ್ತು, ತಂದೆಯವರು ಯಾರಿಂದಲೋ ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ಆಕೆಯ ಒಂದು ದೇವರನಾಮವನ್ನು ಹಿಡಿದಿಟ್ಟರು. ಅಮ್ಮ ಪಲ್ಲವಿಯಿಂದ ತೊಡಗಿ ಎರಡು ಚರಣ ಹಾಡುತ್ತಾಳೆ. ಮೂರನೆಯದಕ್ಕೆ ಮೊದಲು ತಟ್ಟನೆ ನಿಲ್ಲುತ್ತಾಳೆ. ತಗ್ಗಿದ ದನಿಯಲ್ಲಿ ಎರಡು ಮಾತು ಆಡುತ್ತಾಳೆ. ಬಳೆಯ ಸದ್ದು, ಅಲ್ಲಿಗೆ ಟೇಪು ಮುಗಿಯುತ್ತದೆ. ಆ ಎರಡು ಮಾತು "ಸಾಲು ಬಿಟ್ಟೆ" ಎಂದೇ ನಮ್ಮ ಮನೆಯಲ್ಲಿ ಎಲ್ಲರ ನಂಬಿಕೆ. ಅಮ್ಮನಿಗೆ ಆಗಿನಿಂದಲೇ ಮರೆವು ಶುರುವಾಗಿತ್ತು ಎನ್ನುವುದಕ್ಕೆ ಅದನ್ನೇ ಸಾಕ್ಷಿಯಾಗಿ ಹೇಳುತ್ತಿದ್ದರು. ಆಕೆಯ ಎದುರಿನಲ್ಲೇ ನಗೆಯಾಡಿದ್ದೂ ಉಂಟು. ಆಮೇಲೆ ಆಕೆ ಯಂತ್ರದ ಮುಂದೆ ಹಾಡಲಿಲ್ಲ. ಈ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಹೆಡ್‌ಫೋನ್ ತೊಟ್ಟು ಕೇಳಿದಾಗಲೂ ಅದು ಅಸ್ಪಷ್ಟವಾಗಿಯೇ ಇತ್ತು. ಇನ್ನೂ ಸ್ವಲ್ಪ ಗಟ್ಟಿಯಾಗಿ, ಇನ್ನೂ ಸ್ವಲ್ಪ ಹತ್ತಿರದಿಂದ ಕೇಳಿದರೆ ತಿಳಿದೀತೇ ಎಂಬ ಆಸೆಯೇ ನನ್ನನ್ನು ಆಂಪ್ಲಿಫೈಯರಿನ ಬಾಗಿಲಿಗೆ ಕರೆದೊಯ್ದದ್ದು.

ಬೆಂಗಳೂರಿನಲ್ಲಿ ಇಂಥ ಸಾಮಾನಿಗೆ ಎಸ್. ಪಿ. ರಸ್ತೆಗೆ ಹೋಗುವುದು ವಾಡಿಕೆ. ಆ ಇಕ್ಕಟ್ಟಿನ ರಸ್ತೆಯಲ್ಲಿ ಸಿಕ್ಕದ ವಿದ್ಯುತ್ ಬಿಡಿಭಾಗವಿಲ್ಲ ಎನ್ನುತ್ತಾರೆ. ನಾನು ಹೋದ ಅಂಗಡಿ ಅಲ್ಲಿನದೋ ಬೇರೆಡೆಯದೋ ಎಂಬುದು ಇಲ್ಲಿ ಮುಖ್ಯವಲ್ಲ. ಹುಡುಗ ನನ್ನ ಹೆಡ್‌ಫೋನನ್ನು ತಿರುಗಿಸಿ ನೋಡಿದ. "ಇದು ಮುನ್ನೂರು ಓಮ್‌ದು ಸಾರ್. ಸಣ್ಣಪುಟ್ಟದಕ್ಕೆಲ್ಲ ಬಗ್ಗಲ್ಲ. ದೊಡ್ಡದೇ ಬೇಕು" ಎಂದ. ಎರಡು ಪೆಟ್ಟಿಗೆಗಳನ್ನು ಮುಂದಿಟ್ಟು ಒಂದೇ ಹಾಡನ್ನು ಎರಡರಲ್ಲೂ ಕೇಳಿಸಿದ. ಬೆಲೆ ಹೆಚ್ಚಿನದರಲ್ಲಿ ಮೃದಂಗ ಎದ್ದು ಬಂದಂತಾಯಿತು, ಗಾಯಕಿ ಒಂದು ಹೆಜ್ಜೆ ಮುಂದೆ ಬಂದು ನಿಂತಂತಾಯಿತು. 14,000 ರೂಪಾಯಿ ಕೊಟ್ಟು ಅದನ್ನೇ ತಂದೆ.

ಮನೆಗೆ ಬಂದು ಅಮ್ಮನ ಹಾಡನ್ನು ಹಾಕಿದೆ. ವಾಲ್ಯೂಮ್ ಗುಂಡಿಯನ್ನು ತಿರುಗಿಸುತ್ತ ಹೋದಂತೆ ಅಮ್ಮನ ದನಿ ದೊಡ್ಡದಾಯಿತು. ಅದರ ಸಂಗಡ ಟೇಪಿನ 'ಸುಯ್' ಎನ್ನುವ ಸದ್ದೂ ಅಷ್ಟೇ ದೊಡ್ಡದಾಯಿತು. ಕೊನೆಯ ಆ ಎರಡು ಮಾತು ಮೊದಲು ಎಷ್ಟು ಮಸುಕಾಗಿತ್ತೋ ಈಗಲೂ ಅಷ್ಟೇ ಮಸುಕು. ಆದರೆ ದೊಡ್ಡ ಮಸುಕು. ಆಂಪ್ಲಿಫೈಯರ್ ಪಕ್ಷಪಾತವಿಲ್ಲದ ಯಂತ್ರ. ತಂಬೂರಿಯನ್ನೂ ಹಿಗ್ಗಿಸುತ್ತದೆ, ಗೊರಗೊರವನ್ನೂ ಹಿಗ್ಗಿಸುತ್ತದೆ. ಇಲ್ಲದ್ದನ್ನು ಅದು ತಂದುಕೊಡಲಾರದು. ಇಷ್ಟು ಸರಳವಾದ ಮಾತನ್ನು ತಿಳಿಯಲು ನಾನು 14,000 ರೂಪಾಯಿ ತೆತ್ತೆ. ತಾವು ತೆರಬೇಕಾಗದಿರಲಿ ಎಂದು, ಆಮೇಲೆ ಓದಿ, ಅಳೆದು, ಕೇಳಿ ತಿಳಿದುಕೊಂಡದ್ದನ್ನು ಮುಂದಿಡುತ್ತಿದ್ದೇನೆ.

ಮೊದಲನೆಯ ಪ್ರಶ್ನೆ: ಕಿವಿಗೆ ಎಷ್ಟು ಶಕ್ತಿ ಬೇಕು? ಬಾನುಲಿಯ ಆದಿಕಾಲದ ಕ್ರಿಸ್ಟಲ್ ಸೆಟ್ಟುಗಳನ್ನು ನೆನೆದರೆ ಉತ್ತರ ಅರ್ಧ ಸಿಕ್ಕಿತು. ಅವುಗಳಿಗೆ ಬ್ಯಾಟರಿಯಿಲ್ಲ, ಮನೆಯ ವಿದ್ಯುತ್ತಿಲ್ಲ, ಆಂಪ್ಲಿಫೈಯರಂತೂ ಇಲ್ಲವೇ ಇಲ್ಲ. ಆಕಾಶದಿಂದ ತಂತಿಗೆ ಬಂದು ತಗುಲಿದ ಅಲೆಯ ಬಲದಿಂದಲೇ ಕಿವಿಯ ಹಾಳೆ ನಡುಗಿ ಮಾತು ಕೇಳುತ್ತಿತ್ತು. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ 30 ವ್ಯಾಟ್. ಒಂದು ಪಟ್ಟಣವನ್ನು ಮಾತನಾಡಿಸಲು ಹೊರಟ ಶಕ್ತಿ ಅದು. ಇನ್ನು ಎರಡು ಕಿವಿಗೆ ಎಷ್ಟು ಬೇಕೆಂಬುದನ್ನು ತಾವೇ ಊಹಿಸಿಕೊಳ್ಳಿ.

ಊಹೆಯೂ ಬೇಡ, ಲೆಕ್ಕವನ್ನೇ ಮಾಡೋಣ. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು ಓಮ್‌ಗಳಲ್ಲಿ ಹೇಳುವ ಇಂಪೀಡೆನ್ಸ್. ವಿದ್ಯುತ್ತಿಗೆ ಅದು ಒಡ್ಡುವ ತಡೆ ಎನ್ನೋಣ. ಇನ್ನೊಂದು ಡೆಸಿಬಲ್‌ಗಳಲ್ಲಿ ಹೇಳುವ ಸಂವೇದನೆ. ಒಂದು ಮಿಲಿವ್ಯಾಟ್, ಎಂದರೆ ವ್ಯಾಟಿನ ಸಾವಿರದ ಒಂದು ಪಾಲು ಶಕ್ತಿ ಕೊಟ್ಟರೆ ಎಷ್ಟು ಸದ್ದು ಮಾಡುತ್ತದೆ ಎಂಬುದು. ಅಂಗಡಿಯವರು ಮೊದಲನೆಯದನ್ನು ಹೇಳಿ ಹೆದರಿಸುತ್ತಾರೆ, ಎರಡನೆಯದನ್ನು ಹೇಳುವುದಿಲ್ಲ. ಎರಡನ್ನೂ ಕೂಡಿಸಿ ನೋಡಿದರೇ ನಿಜ ತಿಳಿಯುವುದು. ನನ್ನದು 300 ಓಮ್, ಒಂದು ಮಿಲಿವ್ಯಾಟಿಗೆ 97 ಡೆಸಿಬಲ್. ಮನೆಯಲ್ಲಿ ಹಿತವಾಗಿ ಸಂಗೀತ ಕೇಳುವ ಮಟ್ಟ ಸುಮಾರು 75 ಡೆಸಿಬಲ್. ಅದಕ್ಕೆ ಬೇಕಾದ ಶಕ್ತಿ ಒಂದು ಮಿಲಿವ್ಯಾಟಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಸಂಗೀತದಲ್ಲಿ ಏರುವ ದನಿಗಳಿಗೆ, ಮೃದಂಗದ ಪೆಟ್ಟುಗಳಿಗೆ ಇನ್ನೂ 20 ಡೆಸಿಬಲ್ ಬಿಟ್ಟುಕೊಟ್ಟರೂ ಒಂದು ಮಿಲಿವ್ಯಾಟ್ ತುಂಬುವುದಿಲ್ಲ.

ಈಗಿನ ಫೋನುಗಳಲ್ಲಿ ಹೆಡ್‌ಫೋನಿನ ಕಿಂಡಿಯನ್ನು ತೆಗೆದುಹಾಕಿರುವುದರಿಂದ, ಬೆರಳುದ್ದದ ಒಂದು ಕೊಂಡಿಯನ್ನು ಮಾರುತ್ತಾರೆ. ಅಂಗಡಿಯ ಮಾತಿನಲ್ಲಿ ಅದು 'ಡಾಂಗಲ್'. ಕಂಪ್ಯೂಟರಿಗೂ ಅದನ್ನು ಸಿಕ್ಕಿಸಬಹುದು. ಅಂಕಿಗಳನ್ನು ದನಿಯಾಗಿಸುವ 'ಡ್ಯಾಕ್' ಎಂಬ ಅಂಗವೂ, ಹಿಗ್ಗಿಸುವ ಆಂಪ್ಲಿಫೈಯರೂ ಆ ಕೊಂಡಿಯೊಳಗೇ ಅಡಗಿವೆ. ಒಳ್ಳೆಯದೊಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕುತ್ತದೆ, ಒಂದು ವೋಲ್ಟ್‌ನಷ್ಟು ಕೊಡುತ್ತದೆ. ಒಂದು ವೋಲ್ಟ್ ನನ್ನ 300 ಓಮ್‌ನ ಹೆಡ್‌ಫೋನಿನಲ್ಲಿ ಮೂರು ಮಿಲಿವ್ಯಾಟಿಗೆ ಮಿಗಿಲಾಗುತ್ತದೆ. ಸದ್ದು 102 ಡೆಸಿಬಲ್ ಮುಟ್ಟುತ್ತದೆ. 32 ಓಮ್‌ನ ಸಾಧಾರಣ ಹೆಡ್‌ಫೋನಾದರೆ ಇನ್ನೂ ಜೋರು. 'ಬಗ್ಗಲ್ಲ' ಎಂದು ಹುಡುಗ ಹೇಳಿದ್ದ ಹೆಡ್‌ಫೋನ್ ಸಾವಿರ ರೂಪಾಯಿಯ ಕೊಂಡಿಗೆ ಬಗ್ಗಿತು.

ಇನ್ನೊಂದು ಲೆಕ್ಕವನ್ನೂ ನೆನಪಿಡಬೇಕು. ಒಂದು ಪೆಟ್ಟಿಗೆ 500 ಮಿಲಿವ್ಯಾಟ್, ಮತ್ತೊಂದು 1000 ಮಿಲಿವ್ಯಾಟ್ ಎಂದು ಬರೆದಿದ್ದರೆ ಎರಡನೆಯದು ಇಮ್ಮಡಿ ಜೋರಾಗಿ ಕೇಳುತ್ತದೆಂದು ಬಗೆಯುತ್ತೇವೆ. ಹಾಗಲ್ಲ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು ಮೂರು ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಮಡಿ ಆಗಬೇಕು. ಕಿವಿ ಹಾಗೆ ರಚಿತವಾಗಿದೆ.

ಹಾಗೆಂದಮಾತ್ರಕ್ಕೆ ಆಂಪ್ಲಿಫೈಯರ್ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಸಂವೇದನೆ ತೀರ ಕಡಿಮೆಯಿರುವ ಕೆಲವು ಹೆಡ್‌ಫೋನ್‌ಗಳಿವೆ, 600 ಓಮ್‌ನವೂ ಇವೆ, ಅವುಗಳಿಗೆ ಬೇಕು. ತಗ್ಗಿದ ಮಟ್ಟದಲ್ಲಿ ಹಿಡಿದ ಹಳೆಯ ಕಛೇರಿಗಳನ್ನು ಕೇಳುವವರಿಗೂ ಅನುಕೂಲ. ಕಂಪ್ಯೂಟರಿನದೇ ಕಿಂಡಿ ಕಿರಿಕಿರಿ ಸದ್ದು ಮಾಡುತ್ತಿದ್ದರೆ ಅದರಿಂದ ಪಾರಾಗಲೂ ಬೇಕು. ಆಗ ಏನನ್ನು ನೋಡಿ ಕೊಳ್ಳಬೇಕು? ನಾಲ್ಕು ವಿಷಯ ನೋಡಿದರೆ ಸಾಕು.

ಮೊದಲನೆಯದು, ಆಂಪ್ಲಿಫೈಯರಿನ ಸ್ವಂತ ತಡೆ. 'ಔಟ್‌ಪುಟ್ ಇಂಪೀಡೆನ್ಸ್' ಎಂದು ಬರೆದಿರುತ್ತದೆ. ಅದು ಹೆಡ್‌ಫೋನಿನ ತಡೆಯ ಎಂಟರಲ್ಲಿ ಒಂದು ಪಾಲಿಗಿಂತ ಕಡಿಮೆಯಿರಬೇಕೆಂಬುದು ರೂಢಿಯ ನಿಯಮ. 32 ಓಮ್‌ನ ಹೆಡ್‌ಫೋನಿಗೆ 4 ಓಮ್ ದಾಟಬಾರದು. ದಾಟಿದರೆ ಕೆಲವು ಹೆಡ್‌ಫೋನ್‌ಗಳಲ್ಲಿ ಮಂದ್ರಸ್ಥಾಯಿಯ ಧ್ವನಿಗಳು ಉಬ್ಬುತ್ತವೆ, ಸ್ವರಗಳ ಸಮತೋಲ ಕೆಡುತ್ತದೆ. ಒಂದು ಓಮ್‌ಗಿಂತ ಕಡಿಮೆ ಇರುವ ಪೆಟ್ಟಿಗೆಗಳು ಅಗ್ಗದಲ್ಲೇ ದೊರೆಯುತ್ತವೆ.

ಎರಡನೆಯದು, ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಹೆಚ್ಚು ಹಿಗ್ಗಿಸಿದಷ್ಟೂ ಒಳ್ಳೆಯದೆಂದು ನಾವು ತಿಳಿಯುತ್ತೇವೆ. ಆದರೆ ಅಗ್ಗದ ವಾಲ್ಯೂಮ್ ಗುಂಡಿಯಲ್ಲಿ ಆರಂಭದ ಅಂಚಿನಲ್ಲಿ ಎಡಕ್ಕೂ ಬಲಕ್ಕೂ ಸಮವಿರುವುದಿಲ್ಲ. ಗುಂಡಿಯನ್ನು ಕೊಂಚ ತಿರುಗಿಸಿದೊಡನೆಯೇ ಕಿವಿ ತುಂಬುವಂತಿದ್ದರೆ, ನಾವು ಕೇಳುವುದೆಲ್ಲ ಆ ಅಸಮ ಭಾಗದಲ್ಲೇ. ಗಾಯಕ ನಡುವೆ ಕೂರದೆ ಒಂದು ಮಗ್ಗುಲಿಗೆ ಜಾರಿದಂತೆ ಕೇಳುತ್ತಾನೆ. ಆದ್ದರಿಂದ ಕಡಿಮೆ-ಹೆಚ್ಚು ಎಂದು ಎರಡು ಹಂತಗಳ ಸ್ವಿಚ್ಚು ಇರುವುದನ್ನು ಆರಿಸಿ, ಕಡಿಮೆಯದರಲ್ಲೇ ಇಟ್ಟುಕೊಂಡು, ಗುಂಡಿ ಅರ್ಧ ದಾರಿಗೆ ಬಂದಾಗ ಸದ್ದು ಸಾಕೆನಿಸುವಂತಿರಬೇಕು.

ಮೂರನೆಯದು ಮೌನ. ಅಂಗಡಿಯಲ್ಲಿ ಎಲ್ಲರೂ ಸಂಗೀತ ಹಾಕಿ ಪರೀಕ್ಷಿಸುತ್ತಾರೆ. ಸಂಗೀತ ನಿಲ್ಲಿಸಿ ಪರೀಕ್ಷಿಸಬೇಕು. ಹಾಡಿಲ್ಲದಾಗ ಗುಂಡಿಯನ್ನು ಎಂದಿನ ಮಟ್ಟದಲ್ಲಿಟ್ಟು ಕಿವಿಗೊಡಿ, ಏನೂ ಕೇಳಬಾರದು. ಇಲ್ಲಿ ನಮ್ಮ ಹಳೆಯ ಮನೆಗಳ ಒಂದು ತೊಡಕನ್ನು ಹೇಳಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗುತ್ತದೆ. ಅರ್ತ್ ಸರಿಯಿಲ್ಲದ ಮನೆಯಲ್ಲಿ, ಅಥವಾ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅರ್ತ್ ಸೇರಿದಾಗ, ಆ ತೂಗಾಟ 'ಗುಂಯ್' ಎಂದು ಹೆಡ್‌ಫೋನಿಗೆ ಇಳಿಯುತ್ತದೆ. ಅದರ ನಾಲ್ಕನೆಯ ಮಡಿ 200. ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆಯ ಷಡ್ಜ 196. ಆ ಶ್ರುತಿಯಲ್ಲಿ ಹಾಡುವ ಗಾಯಕಿಗೆ ಬೆಸ್ಕಾಂನವರೇ ಅಪಶ್ರುತಿಯ ತಂಬೂರಿ ಹಿಡಿದು ಕುಳಿತಂತಾಗುತ್ತದೆ! ಪರೀಕ್ಷೆ ಸುಲಭ. ಹಾಡು ನಿಲ್ಲಿಸಿದರೂ ಗುಂಯ್ ಉಳಿದರೆ ದೋಷ ಟೇಪಿನದಲ್ಲ, ನಮ್ಮ ಮೇಜಿನದು. ಮಡಿಲ ಕಂಪ್ಯೂಟರಾದರೆ ಚಾರ್ಜರನ್ನು ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಅರ್ತ್ ಪಿನ್ನನ್ನು ಕತ್ತರಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಸದ್ದು ಹೋಗಬಹುದು, ಸಂಗಡ ಪ್ರಾಣವೂ ಹೋಗಬಹುದು.

ನಾಲ್ಕನೆಯದು ಕೈಗೆ ಸಂಬಂಧಪಟ್ಟದ್ದು. ಕತ್ತಲಲ್ಲಿ ಬೆರಳಿಗೆ ಸಿಗುವ, ನುಣ್ಣಗೆ ತಿರುಗುವ ಒಂದು ಗುಂಡಿ ಬೇಕು. ಪರದೆಯ ಮೇಲಿನ ಗೆರೆಯನ್ನು ಎಳೆದಾಡುವುದು ನನ್ನ ವಯಸ್ಸಿನವರಿಗೆ ಹಿಂಸೆ. ಇದು ಶಾಸ್ತ್ರವಲ್ಲ, ಸೌಕರ್ಯ. ಆದರೆ ಸೌಕರ್ಯಕ್ಕಾಗಿ ಹಣ ಕೊಡುತ್ತಿದ್ದೇನೆ ಎಂದು ತಿಳಿದು ಕೊಡುವುದರಲ್ಲಿ ತಪ್ಪಿಲ್ಲ.

ಈ ನಾಲ್ಕೂ ಗುಣಗಳನ್ನು ಕಡಿಮೆ ಬೆಲೆಯಲ್ಲಿ ಕೊಡಬಹುದೆಂದು ತೋರಿಸಿದವರ ಕಥೆ ಸ್ವಾರಸ್ಯವಾಗಿದೆ. ಸ್ಟೀರಿಯೋ ಹೆಡ್‌ಫೋನು ಮಾರುಕಟ್ಟೆಗೆ ಬಂದದ್ದು 1958ರಲ್ಲಿ, ಅಮೆರಿಕದ ಜಾನ್ ಕಾಸ್ ಎಂಬವರಿಂದ. ಅದಕ್ಕೆಂದೇ ಪ್ರತ್ಯೇಕವಾದ ಪುಟ್ಟ ಆಂಪ್ಲಿಫೈಯರನ್ನು ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುವ ಗೀಳು ಬೆಳೆದದ್ದು, ಚು ಮೋಯ್ ಎಂಬವರು 1998ರಲ್ಲಿ ಒಂದು ಸರಳ ವಿನ್ಯಾಸವನ್ನು ಪ್ರಕಟಿಸಿದ ಮೇಲೆ. ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯೊಳಗೆ ಒಂಬತ್ತು ವೋಲ್ಟಿನ ಬ್ಯಾಟರಿಯೊಡನೆ ಅದನ್ನು ಕೂಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. 2011ರಲ್ಲಿ ಇನ್ನೊಬ್ಬ ಎಂಜಿನಿಯರು, ತನ್ನ ನಿಜನಾಮವನ್ನು ಎಂದೂ ಹೇಳದೆ, 'ಓ2' ಎಂಬ ವಿನ್ಯಾಸವನ್ನು ಅಳತೆಗಳ ಸಹಿತ ಲೋಕಕ್ಕೆ ಬಿಟ್ಟುಕೊಟ್ಟ. ಹೆಚ್ಚಿನ ಬೆಲೆಗೂ ಸ್ವಚ್ಛವಾದ ದನಿಗೂ ಸಂಬಂಧವಿರಬೇಕಾಗಿಲ್ಲ ಎಂಬುದು ಅವನ ವಾದ. ಅಳತೆಯೇ ಅವನ ಸಾಕ್ಷಿ. 2012ರಲ್ಲಿ ಆತ ಮಾತು ನಿಲ್ಲಿಸಿ ಮರೆಯಾದ. ಅಲ್ಲಿಂದೀಚೆಗೆ ತಯಾರಕರೂ ಅಳತೆಗೆ ಅಂಜಬೇಕಾಯಿತು. ಈಗ ಹತ್ತು ಸಾವಿರ ರೂಪಾಯಿಯ ಒಳಗೇ, ದೋಷಗಳು ಮನುಷ್ಯನ ಕಿವಿಗೆ ಎಟುಕದಷ್ಟು ಕಡಿಮೆಯಿರುವ ಪೆಟ್ಟಿಗೆಗಳಿವೆ. ನಮ್ಮ ಊರಿಗೂ ಈ ವಿದ್ಯೆ ಹೊಸದಲ್ಲ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್‌ನ ವಾಲ್ವ್‌ಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಬೆಸೆದು ಆಂಪ್ಲಿಫೈಯರ್ ಕಟ್ಟುತ್ತಿದ್ದ ಹುಡುಗರು ಇಲ್ಲಿಯೂ ಇದ್ದರು.

ಹಾಗಾದರೆ ಅಂಗಡಿಯಲ್ಲಿ ನನಗೆ ಕೇಳಿಸಿದ ವ್ಯತ್ಯಾಸ? ಗಾಯಕಿ ಒಂದು ಹೆಜ್ಜೆ ಮುಂದೆ ಬಂದದ್ದು? ಇದನ್ನು ತಿಳಿಯಬೇಕೆಂದು ಒಂದು ದಿನ ಮೊಮ್ಮಗಳನ್ನು ಕೂರಿಸಿಕೊಂಡೆ. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಾಳೆ. "ತಾತ, ಮೊದಲು ಎರಡರ ಸದ್ದನ್ನೂ ಸಮ ಮಾಡಬೇಕು" ಎಂದಳು. ಒಂದೇ ಸ್ಥಾಯಿಯ ನಾದವನ್ನು ನುಡಿಸಿ, ಮಲ್ಟಿಮೀಟರಿನಲ್ಲಿ ವೋಲ್ಟೇಜನ್ನು ಅಳೆದು, 14,000 ರೂಪಾಯಿಯ ಪೆಟ್ಟಿಗೆಯನ್ನೂ ಸಾವಿರ ರೂಪಾಯಿಯ ಕೊಂಡಿಯನ್ನೂ ಒಂದೇ ಮಟ್ಟಕ್ಕೆ ತಂದಳು. ಅನಂತರ ನನ್ನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ, ನಾಣ್ಯ ಚಿಮ್ಮಿ, ಬಿದ್ದಂತೆ ಇದಕ್ಕೋ ಅದಕ್ಕೋ ಸಿಕ್ಕಿಸಿ, ಒಂದು ವೀಣೆಯ ಆಲಾಪನೆಯನ್ನು ಹನ್ನೆರಡು ಸಲ ಕೇಳಿಸಿದಳು. ದೊಡ್ಡ ಪೆಟ್ಟಿಗೆ ಯಾವುದೆಂದು ನಾನು ಹೇಳಬೇಕು. ಹನ್ನೆರಡರಲ್ಲಿ ಏಳು ಸರಿಯಾಯಿತು. ನನಗೆ ಹೆಮ್ಮೆಯೆನಿಸಿತು. "ಕಿವಿ ಮುಚ್ಚಿಕೊಂಡು ಹೇಳಿದ್ದರೂ ಆರು ಸರಿಯಾಗುತ್ತಿತ್ತು ತಾತ" ಎಂದಳು.

ಸದ್ದಿನಲ್ಲಿ ಒಂದು ಡೆಸಿಬಲ್‌ನಷ್ಟು ಹೆಚ್ಚಿದ್ದರೂ ಅದು ನಮಗೆ 'ಜೋರು' ಎನಿಸುವುದಿಲ್ಲ, 'ಚೆನ್ನಾಗಿದೆ' ಎನಿಸುತ್ತದೆ. ಅಂಗಡಿಯಲ್ಲಿ ಎರಡು ಗುಂಡಿಗಳು ಒಂದೇ ಮಟ್ಟದಲ್ಲಿದ್ದವೇ ಎಂದು ನಾನು ನೋಡಿರಲಿಲ್ಲ. ಹುಡುಗ ಬೇಕೆಂದೇ ಮಾಡಿದನೆಂದು ಹೇಳಲಾರೆ, ಅವನೂ ನೋಡಿರಲಿಕ್ಕಿಲ್ಲ. ಇದರ ಮೇಲೆ, ಇದು ದುಬಾರಿಯದು ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದುದನ್ನೇ ನಾನು ಕೇಳಿದೆ.

ಹೀಗೆ ಆಂಪ್ಲಿಫೈಯರಿನ ಮೋಹ ಇಳಿದ ಮೇಲೆ ಮೂಲದ ಕಡೆ ಗಮನ ಹರಿಯಿತು. ಮಲ್ಲೇಶ್ವರದಲ್ಲಿ ಟೇಪ್ ರೆಕಾರ್ಡರುಗಳನ್ನು ಇನ್ನೂ ರಿಪೇರಿ ಮಾಡುವ ವೃದ್ಧರೊಬ್ಬರ ಬಳಿಗೆ ಅಮ್ಮನ ಕ್ಯಾಸೆಟ್ ಒಯ್ದೆ. ಅವರು ಅರ್ಧ ನಿಮಿಷ ಕೇಳಿ, "ಕಂಪ್ಯೂಟರಿಗೆ ಇಳಿಸಿದವರು ಹೆಡ್ ಸರಿ ಮಾಡಿಕೊಂಡಿಲ್ಲ ಸ್ವಾಮಿ" ಎಂದರು. ಟೇಪಿನ ಮೇಲೆ ಧ್ವನಿ ಬರೆದ ಕೋನಕ್ಕೂ, ಅದನ್ನು ಓದುವ ಹೆಡ್ಡಿನ ಕೋನಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮೇಲಿನ ಸ್ಥಾಯಿಯ ಸೂಕ್ಷ್ಮ ಧ್ವನಿಗಳೆಲ್ಲ ಅಳಿಸಿಹೋಗುತ್ತವಂತೆ. ಹೆಡ್ಡಿನ ಪಕ್ಕದಲ್ಲೊಂದು ಸಣ್ಣ ತಿರುಪು ಇದೆ. ಅದನ್ನು ಮೆಲ್ಲನೆ ತಿರುಗಿಸುತ್ತ ಹೋದರು. ನೋಡುನೋಡುತ್ತಿದ್ದಂತೆ ತಾಳದ ಅಂಚು ಮಿನುಗಿತು, ಅಮ್ಮನ ಬಾಯಲ್ಲಿ ಅಕ್ಷರಗಳು ಬಿಡಿಬಿಡಿಯಾದವು. ಅವರು ತೆಗೆದುಕೊಂಡದ್ದು 300 ರೂಪಾಯಿ.

ಹೊಸದಾಗಿ ಇಳಿಸಿಕೊಂಡದ್ದನ್ನು ಮನೆಯಲ್ಲಿ ಕೇಳಿದೆ. ಹಾಡು ಎಷ್ಟೋ ತಿಳಿಯಾಗಿತ್ತು. ಆದರೆ ಆ ಕೊನೆಯ ಮಾತು ನನಗೆ "ಸಾಲು ಬಿಟ್ಟೆ" ಎಂದೇ ಕೇಳಿಸಿತು. ಹೆಡ್‌ಫೋನನ್ನು ಮೊಮ್ಮಗಳಿಗೆ ಕೊಟ್ಟೆ. ಮನೆಯ ಕಥೆ ಅವಳಿಗೆ ತಿಳಿಯದು. ಕೇಳಿ, "ಹಾಲು ಇಟ್ಟೆ ಅಂತಾರೆ, ತಾತ" ಎಂದಳು.

ನಾನು ಮತ್ತೆ ಕೇಳಿದೆ. ಈಗ ನನಗೂ "ಹಾಲು ಇಟ್ಟೆ" ಎಂದು ಕೇಳಿಸಿತು. ಆದರೆ ಕೇಳಿಸಿತೋ, ಅವಳು ಹೇಳಿದ್ದರಿಂದ ತಿಳಿಯಿತೋ? ಅಂಗಡಿಯಲ್ಲಿ ಗಾಯಕಿ ಮುಂದೆ ಬಂದಂತೆಯೇ ಇದೂ ಆಯಿತೇ? ನನ್ನ ಕಿವಿಯನ್ನು ನಾನು ಇನ್ನು ನಂಬುವಂತಿರಲಿಲ್ಲ. ವಯಸ್ಸಾದಂತೆ ಮೊದಲು ಕುಂದುವುದು ಮೇಲಿನ ಸ್ಥಾಯಿಯ ಧ್ವನಿಗಳನ್ನು ಕೇಳುವ ಶಕ್ತಿ. ಸ್ವರಾಕ್ಷರಗಳು ಕೆಳಗಿನ ಸ್ಥಾಯಿಯಲ್ಲಿ ಬಲವಾಗಿರುತ್ತವೆ. ಸಕಾರದಂಥ ವ್ಯಂಜನಗಳು ಮೇಲೆ, ತೆಳುವಾಗಿ ಇರುತ್ತವೆ. ಆದ್ದರಿಂದಲೇ ಮುದುಕರಿಗೆ ಮಾತಾಡುವುದು ಕೇಳುತ್ತದೆ, ಏನೆಂಬುದು ತಿಳಿಯುವುದಿಲ್ಲ. ಸಾಲು, ಹಾಲು, ಕಾಲು — ಇವುಗಳ ನಡುವಣ ಅಂತರವೆಲ್ಲ ಆ ಒಂದು ತೆಳುವಾದ ಉಸಿರಿನಲ್ಲಿದೆ. ಎಷ್ಟು ದೊಡ್ಡ ಆಂಪ್ಲಿಫೈಯರೂ ಅದನ್ನು ಕಿವಿಯೊಳಗೆ ನೆಟ್ಟುಕೊಡಲಾರದು.

ಮೊಮ್ಮಗಳು ಕಲಿಸಿದ ಪಾಠವನ್ನೇ ಹಿಡಿದೆ. ಅವಳ ಮೂವರು ಗೆಳತಿಯರು ಬಂದಾಗ ಏನನ್ನೂ ಹೇಳದೆ ಆ ತುಣುಕನ್ನು ಕೇಳಿಸಿ, ಕೇಳಿದ್ದನ್ನು ಚೀಟಿಯಲ್ಲಿ ಬರೆಯಿರಿ ಎಂದೆ. ಇಬ್ಬರು 'ಹಾಲು' ಎಂದು ಬರೆದರು. ಒಬ್ಬಳು 'ತಿಳಿಯಲಿಲ್ಲ' ಎಂದು ಬರೆದಳು. ಇನ್ನೊಂದು ಮಾತನ್ನೂ ಅವರು ಗಮನಿಸಿದರು. ಹಾಡಿನ ಉದ್ದಕ್ಕೂ ಅಮ್ಮನ ಸಕಾರಗಳು ಚುರುಕಾಗಿ ಕೇಳುತ್ತವೆ. ಕೊನೆಯಲ್ಲಿ ಅಂಥ ಸಕಾರವಿಲ್ಲ. ಹೆಡ್ ಓರೆಯಾಗಿದ್ದಾಗ ಎಲ್ಲ ಸಕಾರಗಳೂ ಮಸುಕಾಗಿದ್ದುದರಿಂದ, ಇಲ್ಲದ ಒಂದನ್ನು ನಾವು ತುಂಬಿಕೊಂಡೆವು. ಮರೆತಳು ಎಂದು ಮೊದಲೇ ನಿಶ್ಚಯಿಸಿದ್ದೆವಲ್ಲ!

ಆ 14,000 ರೂಪಾಯಿಯ ಪೆಟ್ಟಿಗೆ ಈಗಲೂ ನನ್ನ ಮೇಜಿನ ಮೇಲಿದೆ. ಅದರ ಗುಂಡಿ ನುಣ್ಣಗೆ ತಿರುಗುತ್ತದೆ. ಕಡಿಮೆಯ ಹಂತದಲ್ಲಿಟ್ಟು, ಅರ್ಧಕ್ಕಿಂತ ಕೆಳಗೇ ಇಟ್ಟುಕೊಂಡು ಕೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯವರು ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಉಳಿದಿರುವಷ್ಟು ಕಿವಿಯನ್ನು ಕಾಪಾಡಿಕೊಳ್ಳುವುದಕ್ಕೆ ಯಾವ ಅಂಗಡಿಗೂ ಹೋಗಬೇಕಾಗಿಲ್ಲ. ಯಾರಾದರೂ ನನ್ನನ್ನು ಕೇಳಿದರೆ ಹೇಳುವುದಿಷ್ಟೇ: ಮೊದಲು ಸಾವಿರ ರೂಪಾಯಿಯ ಕೊಂಡಿಯಲ್ಲಿ ಒಂದು ತಿಂಗಳು ಕೇಳಿ. ಸಾಲದೆನಿಸಿದರೆ, ಏನು ಸಾಲದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಚೀಟಿ ಹಿಡಿದು ಅಂಗಡಿಗೆ ಹೋಗಿ. ಚೀಟಿಯಲ್ಲಿ ಬರೆಯಲು ಏನೂ ತೋಚದಿದ್ದರೆ ಆ ಹಣದಲ್ಲಿ ಕ್ಯಾಸೆಟ್‌ಗಳನ್ನು ಸರಿಯಾಗಿ ಇಳಿಸಿಕೊಳ್ಳಿ. ಟೇಪು ನಮ್ಮಷ್ಟೇ ಬೇಗ ಮುಪ್ಪಾಗುತ್ತಿದೆ.

ಮಲ್ಲೇಶ್ವರದಲ್ಲಿರುವ ನನ್ನ ಅಕ್ಕನಿಗೆ ಹೋದ ತಿಂಗಳು ಇದನ್ನೆಲ್ಲ ಹೇಳಿದೆ. ಹೇಳುವ ಮುಂಚೆ ಕೇಳಿಸಿದೆ. ಆಕೆಗೆ ಈಗಲೂ 'ಸಾಲು' ಎಂದೇ ಕೇಳಿಸಿತು. ನಾನು ಹುಡುಗಿಯರ ಚೀಟಿಗಳ ವಿಚಾರ ತಿಳಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದರೂ ಇರಬಹುದು ಕಣೋ. ಆ ಮನೆಗೆ ಸಾಯಂಕಾಲದ ಹಾಲು ಬರುತ್ತಿದ್ದದ್ದು ಆರಕ್ಕೆ. ಅಣ್ಣ ಕಛೇರಿಯಿಂದ ಬಂದು ಟೇಪು ಹಚ್ಚಿದ್ದೂ ಅಷ್ಟು ಹೊತ್ತಿಗೇ" ಎಂದಳು. ತಂದೆಯವರನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದುದು. ಮತ್ತೆ ತಾನಾಗಿ ಹೆಡ್‌ಫೋನನ್ನು ಕೈಗೆತ್ತಿಕೊಂಡು, "ಇನ್ನೊಂದು ಸಲ ಹಾಕು. ಗಟ್ಟಿಯಾಗಿ ಬೇಡ" ಎಂದಳು.



(ಬಾನುಲಿ ಭಾಷಣ)